‘ಕೆಜಿಎಫ್’ ಫೈಟುಗಳ ಹಿಂದಿನ ಅವಳಿಗಳು: ಅನ್ಬರಿವ್ ಬೆಳೆದ ದಾರಿ ಮತ್ತು ಬೀಳುವವರ ಲೆಕ್ಕ

2024ರ ಆಗಸ್ಟ್ 16ರಂದು 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದವು. ಆ ದಿನ ಕನ್ನಡಿಗರ ಬಾಯಲ್ಲೆಲ್ಲ ರಿಷಬ್ ಶೆಟ್ಟಿ. ‘ಕಾಂತಾರ’ಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತ್ತು, ಸಂಭ್ರಮ ಸಹಜ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: ಅತ್ಯುತ್ತಮ ಸಾಹಸ ನಿರ್ದೇಶನ, ‘ಕೆಜಿಎಫ್ ಚಾಪ್ಟರ್ 2’, ಅನ್ಬರಿವ್. ಹೆಚ್ಚಿನವರು ಅದನ್ನು ಓದಿ ಮುಂದಕ್ಕೆ ಹೋದರು. ಅನ್ಬರಿವ್ ಅಂದರೆ ಯಾರೋ ಒಬ್ಬ ಫೈಟ್ ಮಾಸ್ಟರ್ ಇರಬೇಕು ಅಂದುಕೊಂಡವರು ನನಗೆ ಈಗಲೂ ಸಿಗುತ್ತಾರೆ.

ಒಬ್ಬರಲ್ಲ, ಇಬ್ಬರು. ಅನ್ಬುಮಣಿ ಮತ್ತು ಅರಿವುಮಣಿ. ತಮಿಳು ಚಿತ್ರರಂಗದಿಂದ ಬಂದ ಅವಳಿ ಸಹೋದರರು. ಇವರಿಗೆ ಕನ್ನಡ ಸಿನಿಮಾದಿಂದ ಬಂದ ಎರಡನೇ ರಾಷ್ಟ್ರಪ್ರಶಸ್ತಿ ಅದು. ‘ಕೆಜಿಎಫ್’ ಮೊದಲ ಭಾಗಕ್ಕೂ ಬಂದಿತ್ತು, ಆಗ ವಿಕ್ರಂ ಮೋರ್ ಅವರ ಜೊತೆ ಹಂಚಿಕೊಂಡಿದ್ದರು.

ಈ ಇಬ್ಬರ ವೃತ್ತಿಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಳೆದ ಹತ್ತು ವರ್ಷಗಳಲ್ಲಿ ದಕ್ಷಿಣದ ಸಿನಿಮಾ ಹೇಗೆ ಬದಲಾಯಿತು ಅನ್ನುವುದು ಗೊತ್ತಾಗುತ್ತದೆ. ಜೊತೆಗೆ ಅಷ್ಟೇನೂ ಹಿತವಲ್ಲದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಈ ಲೇಖನ ಎರಡರ ಬಗ್ಗೆಯೂ.

ಪ್ರೀತಿ ಮತ್ತು ಅರಿವು

ಫೈಟ್ ಮಾಸ್ಟರ್‌ಗಳ ಹೆಸರುಗಳನ್ನು ಗಮನಿಸಿ. ಜೂಡೋ ರತ್ನಂ, ಸೂಪರ್ ಸುಬ್ಬರಾಯನ್, ಸುಪ್ರೀಂ ಸುಂದರ್, ಸ್ಟಂಟ್ ಸಿಲ್ವ. ನಮ್ಮಲ್ಲಿ ಥ್ರಿಲ್ಲರ್ ಮಂಜು, ಡಿಫರೆಂಟ್ ಡ್ಯಾನಿ. ಹೆಸರಿನ ಹಿಂದೆ ಒಂದು ಬಿರುದು ಇಲ್ಲದಿದ್ದರೆ ಈ ವೃತ್ತಿಯಲ್ಲಿ ಗುರುತೇ ಇಲ್ಲವೇನೋ ಅನ್ನುವ ಹಾಗೆ. ಅದಕ್ಕೆ ಕಾರಣವೂ ಇದೆ. ಮುಖ ಕಾಣಿಸದ ಕೆಲಸ ಇದು. ಡೂಪ್ ಆಗಿ ಹಾರುವಾಗ ಮುಖ ಕಂಡರೆ ಶಾಟ್ ಹಾಳು. ಹಾಗಾಗಿ ಹೆಸರಾದರೂ ಗಟ್ಟಿಯಾಗಿ ಕೂಗಬೇಕು.

ಅವಳಿಗಳದ್ದು ಬೇರೆ ದಾರಿ. ಇಬ್ಬರ ಹೆಸರು ಬೆಸೆದು ಒಂದು ಮಾಡಿಕೊಂಡರು. ತಮಿಳಿನಲ್ಲಿ ‘ಅನ್ಬು’ ಅಂದರೆ ಪ್ರೀತಿ. ‘ಅರಿವು’ ಅಂದರೆ ಏನು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ನಮ್ಮದೇ ಪದ. ಕೈಕಾಲು ಮುರಿಯುವ ದೃಶ್ಯಗಳ ಮೇಲೆ ಪ್ರೀತಿ ಮತ್ತು ಅರಿವು ಅಂತ ಸಹಿ ಬೀಳುವುದು ತಮಾಷೆಯಾಗಿ ಕಾಣಬಹುದು. ಈ ಕೆಲಸಕ್ಕೆ ಬೇಕಾದದ್ದು ನಿಜಕ್ಕೂ ಅವೆರಡೇ ಅಂತ ನನಗನ್ನಿಸುತ್ತದೆ. ಯಾಕೆ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಅಣ್ಣತಮ್ಮಂದಿರು ಜೋಡಿಯಾಗಿ ಹೆಸರು ಮಾಡುವುದು ನಮಗೆ ಹೊಸದಲ್ಲ. ರಾಜನ್-ನಾಗೇಂದ್ರ ಅಂದ ತಕ್ಷಣ ಹಾಡುಗಳು ನೆನಪಾಗುತ್ತವೆ. ಸಾಹಸ ನಿರ್ದೇಶನದಲ್ಲೂ ಅನ್ಬರಿವ್‌ಗಿಂತ ಮೊದಲೇ ತೆಲುಗಿನಲ್ಲಿ ರಾಮ್-ಲಕ್ಷ್ಮಣ್ ಇದ್ದರು. ಅವರೂ ಅವಳಿಗಳೇ. ಆಂಧ್ರದ ಕಾರಂಚೇಡು ಎಂಬ ಹಳ್ಳಿಯಿಂದ ಬಂದು, ಹಲವು ಸಲ ನಂದಿ ಪ್ರಶಸ್ತಿ ಪಡೆದು, ‘ಸರಿಲೇರು ನೀಕೆವ್ವರು’, ‘ವಾಲ್ತೇರು ವೀರಯ್ಯ’ದಂಥ ದೊಡ್ಡ ಸ್ಟಾರ್‌ಗಳ ಸಿನಿಮಾಗಳವರೆಗೆ ನಡೆದವರು. ಸೂಪರ್ ಸುಬ್ಬರಾಯನ್ ಅವರ ಇಬ್ಬರು ಮಕ್ಕಳು ದಿಲೀಪ್ ಮತ್ತು ದಿನೇಶ್ ಕೂಡ ಫೈಟ್ ಮಾಸ್ಟರ್‌ಗಳು, ಆದರೆ ಬೇರೆ ಬೇರೆಯಾಗಿ ಕೆಲಸ ಮಾಡುವವರು. ಈ ವೃತ್ತಿ ರಕ್ತಸಂಬಂಧದಲ್ಲೇ ಹರಿಯುವುದು ಜಾಸ್ತಿ. ಕರಾವಳಿಯಿಂದ ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳಲ್ಲಿ ಬೋಳುತಲೆಯ ಖಳನಾಗಿಯೂ ಫೈಟ್ ಮಾಸ್ಟರ್ ಆಗಿಯೂ ಹೆಸರಾದ ಎಂ.ಬಿ. ಶೆಟ್ಟಿಯವರ ಮಗನೇ ಇವತ್ತು ಆಕಾಶದಲ್ಲಿ ಕಾರು ಹಾರಿಸುವ ರೋಹಿತ್ ಶೆಟ್ಟಿ. ಅಜಯ್ ದೇವಗನ್ ಅವರ ತಂದೆ ವೀರೂ ದೇವಗನ್ ಕೂಡ ಸಾಹಸ ನಿರ್ದೇಶಕರು.

ಫೈಟ್ ಮಾಸ್ಟರ್ ಮಾಡುವುದೇನು?

ಹಳೇ ಕನ್ನಡ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ‘ಸಾಹಸ’ ಅಂತ ಒಂದೇ ಪದ ಇರುತ್ತಿತ್ತು, ಅದರ ಕೆಳಗೆ ಒಂದು ಹೆಸರು. ಆ ಒಂದು ಪದದೊಳಗೆ ಏನೇನಿದೆ ಅಂತ ನೋಡೋಣ.

ನಾನು ಕಾಲೇಜಿನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪತ್ರಕರ್ತನಾದ ಮೇಲೆ ಆ ಓದು ಹೆಚ್ಚೇನೂ ಉಪಯೋಗಕ್ಕೆ ಬಂದಿಲ್ಲ. ಫೈಟ್ ದೃಶ್ಯ ನೋಡುವಾಗ ಮಾತ್ರ ತಲೆಯೊಳಗೆ ಅದು ತಾನಾಗೇ ಶುರುವಾಗುತ್ತದೆ.

ಉದಾಹರಣೆಗೆ, ರಾಕಿ ಒಂದು ಗುದ್ದು ಕೊಡುತ್ತಾನೆ, ಎದುರಿನವನು ಹತ್ತು ಅಡಿ ಹಿಂದಕ್ಕೆ ಹಾರಿ ಬೀಳುತ್ತಾನೆ. 75 ಕೆ.ಜಿ. ತೂಕದ ಒಬ್ಬ ಮನುಷ್ಯ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗಬೇಕಾದರೆ, ನ್ಯೂಟನ್‌ನ ಮೂರನೇ ನಿಯಮದ ಪ್ರಕಾರ ಗುದ್ದಿದವನಿಗೂ ಅಷ್ಟೇ ತಳ್ಳುವಿಕೆ ವಾಪಸ್ ಬರಬೇಕು. ಅಂದರೆ ಯಶ್ ಕೂಡ ಹಿಂದಕ್ಕೆ ಹಾರಬೇಕಿತ್ತು! ಹಾಗಾಗುವುದಿಲ್ಲ ಯಾಕೆಂದರೆ ಎದುರಿನವನನ್ನು ಹಾರಿಸಿದ್ದು ಗುದ್ದಲ್ಲ, ಅವನ ಬಟ್ಟೆಯೊಳಗಿನ ಬೆಲ್ಟಿಗೆ ಕಟ್ಟಿದ ರೋಪ್. ಆ ರೋಪಿನ ಇನ್ನೊಂದು ತುದಿಯನ್ನು ಕ್ಯಾಮೆರಾ ಕಾಣದ ಕಡೆ ನಾಲ್ಕೈದು ಜನ ಎಳೆಯುತ್ತಾರೆ, ಇಲ್ಲವೇ ಗಾಳಿಯ ಒತ್ತಡದ ಯಂತ್ರ ಎಳೆಯುತ್ತದೆ. ಯಶ್ ಮುಷ್ಟಿ ಮುಗಿಯುವ ಕ್ಷಣ, ರೋಪ್ ಎಳೆಯುವ ಕ್ಷಣ, ಫೈಟರ್ ಕಾಲು ನೆಲ ಬಿಡುವ ಕ್ಷಣ, ಈ ಮೂರೂ ಕೂಡಿಬರಬೇಕು. ಎಳೆಯುವುದು ತಡವಾದರೆ ನಗೆಪಾಟಲು. ಬೇಗ ಎಳೆದರೆ ಫೈಟರ್‌ನ ಕುತ್ತಿಗೆಗೆ ಪೆಟ್ಟು.

ಇನ್ನು ಬೀಳುವುದು. ಎರಡು ಮಹಡಿಯ ಎತ್ತರ, ಅಂದರೆ ಸುಮಾರು 6 ಮೀಟರ್‌ನಿಂದ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ ಹೆಚ್ಚೂಕಡಿಮೆ 39 ಕಿಲೋಮೀಟರ್. ಬೈಕಿನಲ್ಲಿ ಅದು ದೊಡ್ಡ ವೇಗ ಅನ್ನಿಸುವುದೇ ಇಲ್ಲ. ಪ್ರಶ್ನೆ ಇರುವುದು ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಅನ್ನುವುದರಲ್ಲಿ. ಅರ್ಧ ಮೀಟರ್ ಕುಗ್ಗುವ ಬೆಡ್ ಮೇಲೆ ಬಿದ್ದರೆ ದೇಹದ ಮೇಲೆ ಸರಾಸರಿ 12 ಜಿ ಬೀಳುತ್ತದೆ, ಸರಿಯಾಗಿ ಬೆನ್ನ ಮೇಲೆ ಬಿದ್ದವನು ಎದ್ದು ಬಟ್ಟೆ ಕೊಡವಿಕೊಳ್ಳುತ್ತಾನೆ. ಐದೇ ಸೆಂಟಿಮೀಟರ್‌ನಲ್ಲಿ ನಿಂತರೆ ಅದು 120 ಜಿ. ಒಂದೇ ಎತ್ತರ, ಒಂದೇ ಮನುಷ್ಯ, ವ್ಯತ್ಯಾಸ ಬೆಡ್ಡಿನದು. ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸಿ ಅದರ ಮೇಲೆ ಬೀಳುವ ಹಳೇ ಪದ್ಧತಿಯೂ ಇದೇ ಲೆಕ್ಕ. ಡಬ್ಬ ಅಪ್ಪಚ್ಚಿಯಾಗುವಷ್ಟೂ ಹೊತ್ತು ಮನುಷ್ಯನ ವೇಗ ಇಳಿಯುತ್ತಿರುತ್ತದೆ.

ಇದರ ಮೇಲೆ ಕ್ಯಾಮೆರಾದ ಮೋಸ. ಹೊಡೆಯುವವನ ಹೆಗಲ ಹಿಂದಿನಿಂದ ಶಾಟ್ ಇಟ್ಟರೆ ಮುಷ್ಟಿಗೂ ಮುಖಕ್ಕೂ ನಡುವೆ ಇರುವ ಅರ್ಧ ಅಡಿ ಜಾಗ ಕಾಣುವುದೇ ಇಲ್ಲ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೋರಿಸುವುದನ್ನು 22ರಲ್ಲಿ ಚಿತ್ರೀಕರಿಸಿದರೆ ಏಟು ಶೇ. 9ರಷ್ಟು ಚುರುಕಾಗಿ ಕಾಣುತ್ತದೆ. 48ರಲ್ಲಿ ತೆಗೆದರೆ ಅದೇ ಏಟು ಎರಡು ಪಟ್ಟು ಹೊತ್ತು ಗಾಳಿಯಲ್ಲಿರುತ್ತದೆ. ಕೊನೆಗೆ ಶಬ್ದ. ಶಬ್ದ ತೆಗೆದು ನೋಡಿ, ಎಂಥ ದೊಡ್ಡ ಫೈಟೂ ಕೋಲಾಟದ ಹಾಗೆ ಕಾಣುತ್ತದೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು, ಕಥೆ ಓದಿ, ಹೀರೋನ ಮೈಕಟ್ಟು ಮತ್ತು ಡೇಟ್ಸ್ ನೋಡಿ, ಇಪ್ಪತ್ತು ಮೂವತ್ತು ಫೈಟರ್‌ಗಳನ್ನು ಕುಣಿಸಿ, ಯಾರಿಗೂ ಏಟಾಗದ ಹಾಗೆ ಎಲ್ಲರಿಗೂ ಏಟು ಬಿದ್ದಂತೆ ತೋರಿಸುವವರೇ ಫೈಟ್ ಮಾಸ್ಟರ್.

‘ಮದ್ರಾಸ್’ನಿಂದ ‘ಕೂಲಿ’ವರೆಗೆ

ಅನ್ಬರಿವ್ ಹೆಸರು ಗಮನಕ್ಕೆ ಬರತೊಡಗಿದ್ದು 2014ರ ‘ಮದ್ರಾಸ್’ ಹೊತ್ತಿಗೆ. ಪ. ರಂಜಿತ್ ನಿರ್ದೇಶನ, ಕಾರ್ತಿ ಹೀರೋ, ಉತ್ತರ ಚೆನ್ನೈನ ವಸತಿ ಸಮುಚ್ಚಯ. ಅಲ್ಲಿನ ಹೊಡೆದಾಟಗಳಲ್ಲಿ ಹಾರಾಟ ಕಡಿಮೆ, ಓಟ ಜಾಸ್ತಿ. ಭಯ ಬಿದ್ದ ಹುಡುಗರು ಕಿರಿದಾದ ಜಾಗದಲ್ಲಿ ಓಡುವಾಗ ಹೇಗಿರುತ್ತದೋ ಹಾಗೆ. 2016ರಲ್ಲಿ ಅದೇ ರಂಜಿತ್ ಜೊತೆ ‘ಕಬಾಲಿ’. ಈ ಸಲ ರಜನಿಕಾಂತ್. ವಯಸ್ಸಾದ ಡಾನ್ ಒಬ್ಬ ಕೋಟು ಹಾಕಿಕೊಂಡು ಹೊಡೆಯುವುದನ್ನು ನಂಬಿಸಬೇಕಾದ ಕೆಲಸ.

2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಬಂತು. ಪ್ರಶಾಂತ್ ನೀಲ್ ಅವರಿಗೆ ಬೇಕಿದ್ದುದು ಕಥೆ ಹೇಳುವಾಗ ಹಿರಿಯರು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಾರಲ್ಲ, ಅಂಥ ಹೊಡೆದಾಟ. ಇಡೀ ಸಿನಿಮಾವೇ ಒಬ್ಬರು ಇನ್ನೊಬ್ಬರಿಗೆ ಹೇಳುವ ಕಥೆ. ಹಾಗಾಗಿ ಅಲ್ಲಿ ರಾಕಿ ಏಟು ತಪ್ಪಿಸಿಕೊಳ್ಳುವುದಿಲ್ಲ, ಸುತ್ತು ಹಾಕುವುದಿಲ್ಲ, ಸುಮ್ಮನೆ ಮುಂದಕ್ಕೆ ನಡೆಯುತ್ತಾನೆ. ಸುತ್ತಲಿನವರು ಹಾರುತ್ತಾರೆ. ಗಣಿಯ ಧೂಳು, ಪಂಜಿನ ಬೆಳಕು, ಭುವನ್ ಗೌಡ ಅವರ ಕ್ಯಾಮೆರಾ ಎಲ್ಲವೂ ಸೇರಿ ಅರ್ಧ ಹೊಡೆದಾಟ ಕಣ್ಣಿಗೆ ಕಾಣುತ್ತದೆ, ಇನ್ನರ್ಧವನ್ನು ನಾವು ಊಹಿಸಿಕೊಳ್ಳುತ್ತೇವೆ. ಎರಡನೇ ಭಾಗದಲ್ಲಿ ಪರದೆ ಕ್ಷಣಕ್ಷಣಕ್ಕೂ ಕಪ್ಪಾಗುವ ಕಾರು ಚೇಸ್ ನೆನಪಿಸಿಕೊಳ್ಳಿ. ಅಲ್ಲಿ ಎಡಿಟಿಂಗ್ ಟೇಬಲ್ಲೂ ಫೈಟ್ ಮಾಸ್ಟರ್ ಆಗಿಬಿಟ್ಟಿದೆ. ಇಲ್ಲಿ ಒಬ್ಬರಿಗೇ ಶ್ರೇಯಸ್ಸು ಕೊಡುವುದು ಕಷ್ಟ. ಸಾಹಸ, ಕ್ಯಾಮೆರಾ, ಎಡಿಟಿಂಗ್ ಮೂರೂ ಒಂದೇ ಮೇಜಿನ ಮುಂದೆ ಕೂತು ಯೋಚಿಸಿದಂತಿದೆ. ಅನ್ಬರಿವ್ ಕೆಲಸದ ಹೆಚ್ಚುಗಾರಿಕೆ ಅದು ಅಂತ ನನ್ನ ಅಂದಾಜು.

ಮುಂದಿನ ವರ್ಷವೇ ಲೋಕೇಶ್ ಕನಗರಾಜ್ ಅವರ ‘ಕೈದಿ’. ಹಾಡಿಲ್ಲ, ನಾಯಕಿಯಿಲ್ಲ, ಒಂದೇ ರಾತ್ರಿಯ ಕಥೆ. ಹಾಗಾಗಿ ಫೈಟ್‌ಗಳೇ ಹಾಡುಗಳ ಕೆಲಸವನ್ನೂ ಮಾಡಬೇಕಾಯಿತು. 2022ರ ‘ವಿಕ್ರಂ’ನಲ್ಲಿ ಮನೆಗೆಲಸದ ಹೆಂಗಸು ಇದ್ದಕ್ಕಿದ್ದಂತೆ ಏಜೆಂಟ್ ಟೀನಾ ಆಗಿ ತಿರುಗಿಬೀಳುವ ದೃಶ್ಯಕ್ಕೆ ಥಿಯೇಟರಿನಲ್ಲಿ ಕಮಲ್ ಹಾಸನ್ ಎಂಟ್ರಿಗೆ ಬಿದ್ದಷ್ಟೇ ಶಿಳ್ಳೆ ಬಿತ್ತು. ಆ ಪಾತ್ರ ಮಾಡಿದ ವಸಂತಿ ದಶಕಗಳ ಕಾಲ ನೃತ್ಯ ನಿರ್ದೇಶಕರಿಗೆ ಸಹಾಯಕಿಯಾಗಿದ್ದವರು. ತಾಳ ಗೊತ್ತಿರುವ ದೇಹಕ್ಕೆ ಫೈಟ್ ಕಲಿಸುವುದು ಸುಲಭ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ.

2023 ಅಂತೂ ಅವರದೇ ವರ್ಷ. ಮಲಯಾಳಂನಲ್ಲಿ ‘ಆರ್‌ಡಿಎಕ್ಸ್’, ತಮಿಳಿನಲ್ಲಿ ವಿಜಯ್ ಅವರ ‘ಲಿಯೋ’, ತೆಲುಗಿನಲ್ಲಿ ಪ್ರಭಾಸ್ ಅವರ ‘ಸಲಾರ್’. ಮೂರು ಭಾಷೆ, ಮೂರು ಬಗೆಯ ಹೊಡೆದಾಟ. ‘ಆರ್‌ಡಿಎಕ್ಸ್’ನಲ್ಲಿ ಕರಾಟೆ ಕಲಿತ ಹುಡುಗರು, ದೊಡ್ಡ ಸ್ಟಾರ್ ಯಾರೂ ಇಲ್ಲ. ಫೈಟೇ ಅಲ್ಲಿ ಸ್ಟಾರ್. ‘ಸಲಾರ್’ನಲ್ಲಿ ಮತ್ತೆ ಪ್ರಶಾಂತ್ ನೀಲ್ ಲೋಕದ ಕಪ್ಪು, ಬೂದಿ, ಕಬ್ಬಿಣ. 2025ರಲ್ಲಿ ‘ಥಗ್ ಲೈಫ್’ ಮತ್ತು ‘ಕೂಲಿ’. ಅದಕ್ಕೂ ಮೊದಲೇ, 2024ರ ಜನವರಿಯಲ್ಲಿ, ಕಮಲ್ ಹಾಸನ್ ತಮ್ಮ 237ನೇ ಸಿನಿಮಾವನ್ನು ಈ ಅವಳಿಗಳೇ ನಿರ್ದೇಶಿಸುತ್ತಾರೆ ಅಂತ ಘೋಷಿಸಿದ್ದರು.

ಫೈಟ್ ಮಾಸ್ಟರ್ ನಿರ್ದೇಶಕನಾಗುವುದಕ್ಕೆ ಹಾಲಿವುಡ್‌ನ ‘ಜಾನ್ ವಿಕ್’ ಉದಾಹರಣೆ ಎಲ್ಲರೂ ಕೊಡುತ್ತಾರೆ. ಅದರ ನಿರ್ದೇಶಕ ಚಾಡ್ ಸ್ಟಾಹೆಲ್ಸ್ಕಿ ‘ಮೇಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಡೂಪ್ ಆಗಿದ್ದವರು. ನಾವು ಅಷ್ಟು ದೂರ ಹೋಗಬೇಕಿಲ್ಲ. 1996ರಲ್ಲೇ ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ಯನ್ನು ನಿರ್ದೇಶಿಸಿದ್ದು ನಮ್ಮ ಥ್ರಿಲ್ಲರ್ ಮಂಜು.

ಅಣ್ಣತಮ್ಮಂದಿರೇ ಯಾಕೆ?

ಇದು ನನ್ನನ್ನು ಕಾಡಿದ ಪ್ರಶ್ನೆ. ಎರಡು ಅವಳಿ ಜೋಡಿಗಳು ಒಂದೇ ವೃತ್ತಿಯಲ್ಲಿ ಈ ಮಟ್ಟಕ್ಕೆ ಬರುವುದು ಕಾಕತಾಳೀಯ ಇರಬಹುದು. ಆದರೆ ಕೆಲಸದ ಸ್ವರೂಪದಲ್ಲೇ ಒಂದು ಉತ್ತರ ಇದೆ.

ಫೈಟ್ ಮಾಸ್ಟರ್ ಒಂದೇ ಹೊತ್ತಿಗೆ ಎರಡು ಕಡೆ ಇರಬೇಕು. ಮಾನಿಟರ್ ಮುಂದೆ ಕೂತು ಏಟು ಬಿದ್ದಂತೆ ಕಾಣುತ್ತಿದೆಯಾ ಅಂತ ನೋಡಬೇಕು. ಅದೇ ಹೊತ್ತಿಗೆ ರೋಪ್ ಹತ್ತಿರ ನಿಂತು ಗಂಟು ಸರಿಯಿದೆಯಾ, ಬೆಡ್ ಜಾಗದಲ್ಲಿದೆಯಾ, ಹುಡುಗ ಹೆದರಿದ್ದಾನಾ ಅಂತಲೂ ನೋಡಬೇಕು. ಒಬ್ಬರೇ ಇದ್ದರೆ ಯಾವುದೋ ಒಂದನ್ನು ಸಹಾಯಕರಿಗೆ ಬಿಡಬೇಕಾಗುತ್ತದೆ. ಸಹಾಯಕ ಎಷ್ಟೇ ಒಳ್ಳೆಯವನಾದರೂ, ಹೀರೋ ಕಾಯುತ್ತಿರುವಾಗ, ಬೆಳಕು ಹೋಗುತ್ತಿರುವಾಗ, ನಿರ್ದೇಶಕ ‘ರೆಡಿನಾ?’ ಅಂತ ಮೈಕಿನಲ್ಲಿ ಕೂಗುತ್ತಿರುವಾಗ ‘ಇಲ್ಲ ಮಾಸ್ಟರ್, ಐದು ನಿಮಿಷ ತಡೀರಿ’ ಅನ್ನಲು ಗುಂಡಿಗೆ ಬೇಕು. ಒಡಹುಟ್ಟಿದವನಿಗೆ ಆ ಹಿಂಜರಿಕೆ ಇಲ್ಲ. ‘ಸುಮ್ನಿರೋ, ರೋಪ್ ಸರಿಯಿಲ್ಲ’ ಅಂದರೆ ಮುಗಿಯಿತು.

ಸಂಗೀತದಲ್ಲಿ ಜೋಡಿಯ ಒಬ್ಬರು ತಪ್ಪು ಮಾಡಿದರೆ ಹಾಡು ಕೆಡುತ್ತದೆ. ಇಲ್ಲಿ ಮೂಳೆ ಮುರಿಯುತ್ತದೆ. ಎಂಜಿನಿಯರಿಂಗ್‌ನಲ್ಲಿ ಮುಖ್ಯವಾದ ಡ್ರಾಯಿಂಗನ್ನು ಬರೆದವನೇ ಪರೀಕ್ಷಿಸುವಂತಿಲ್ಲ, ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಸಹೋದರ ಜೋಡಿಯಲ್ಲಿ ಆ ಎರಡನೇ ಕಣ್ಣು ಪುಕ್ಕಟೆಯಾಗಿ ಸಿಗುತ್ತದೆ. ಪ್ರೀತಿ ಮತ್ತು ಅರಿವು ಅಂತ ಆಗ ಹೇಳಿದ್ದು ಇದಕ್ಕೇ.

ಹಾಗಾದರೆ ಒಡಹುಟ್ಟಿದವರು ಇಲ್ಲದ ಸೆಟ್ಟುಗಳಲ್ಲಿ ಆ ಎರಡನೇ ಕಣ್ಣು ಯಾರದು? ಕಥೆಯ ಎರಡನೇ ಭಾಗ ಶುರುವಾಗುವುದು ಇಲ್ಲಿಂದ.

ಪ್ರಶಸ್ತಿ ಬಂತು

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಶುರುವಾದದ್ದು 1954ರಲ್ಲಿ. ಸಾಹಸ ನಿರ್ದೇಶನಕ್ಕೆ ಪ್ರಶಸ್ತಿ ಸೇರಿಸಿದ್ದು 2016ರ ಸಿನಿಮಾಗಳಿಂದ. ಅಂದರೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಸರ್ಕಾರದ ಕಣ್ಣಿಗೆ ಕಲೆಯಾಗಿ ಕಾಣಲಿಲ್ಲ. 1200ಕ್ಕೂ ಹೆಚ್ಚು ಸಿನಿಮಾಗಳಿಗೆ ಕೆಲಸ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದ್ದ ಜೂಡೋ ರತ್ನಂ ಅವರ ಕಾಲದಲ್ಲಿ ಆ ವಿಭಾಗವೇ ಇರಲಿಲ್ಲ. ಅವರು 2023ರಲ್ಲಿ ತೀರಿಕೊಂಡರು.

ಮೊದಲ ಪ್ರಶಸ್ತಿ ‘ಪುಲಿಮುರುಗನ್’ಗಾಗಿ ಪೀಟರ್ ಹೆಯ್ನ್ ಅವರಿಗೆ. ಆಮೇಲೆ ‘ಬಾಹುಬಲಿ 2’. 2018ರ ಪ್ರಶಸ್ತಿ ‘ಕೆಜಿಎಫ್’ಗೆ, 2019ರದ್ದು ‘ಅವನೇ ಶ್ರೀಮನ್ನಾರಾಯಣ’ಕ್ಕಾಗಿ ವಿಕ್ರಂ ಮೋರ್ ಅವರಿಗೆ. ನಂತರ ‘ಅಯ್ಯಪ್ಪನುಂ ಕೋಶಿಯುಂ’, ‘ಆರ್‌ಆರ್‌ಆರ್’, ಮತ್ತೆ ‘ಕೆಜಿಎಫ್ 2’, ಆಮೇಲೆ ‘ಹನುಮಾನ್’. ಮೊದಲ ಎಂಟು ವರ್ಷಗಳಲ್ಲಿ ಮೂರು ಸಲ ಕನ್ನಡ ಸಿನಿಮಾಗಳು! ಎಂಟಕ್ಕೆ ಎಂಟೂ ದಕ್ಷಿಣದವು. ಹಿಂದಿ ಸಿನಿಮಾಕ್ಕೆ ಒಂದೂ ಇಲ್ಲ. ಈ ಲೆಕ್ಕದಲ್ಲಿ ನಾವು ಎದೆಯುಬ್ಬಿಸುವುದರಲ್ಲಿ ತಪ್ಪಿಲ್ಲ.

2025ರ ಏಪ್ರಿಲ್‌ನಲ್ಲಿ ಆಸ್ಕರ್ ಅಕಾಡೆಮಿಯೂ ಎಚ್ಚೆತ್ತಿತು. 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಸಾಹಸಕ್ಕೂ ಪ್ರಶಸ್ತಿ, 2028ರ 100ನೇ ಸಮಾರಂಭದಲ್ಲಿ ಮೊದಲನೆಯದು. ಆ ಘೋಷಣೆಯ ಪೋಸ್ಟರಿನಲ್ಲಿ ‘ಆರ್‌ಆರ್‌ಆರ್’ ಚಿತ್ರವೂ ಇತ್ತು. ಪ್ರಶಸ್ತಿಗೆ ಅವರು ಇಟ್ಟ ಹೆಸರು ನೋಡಿ: ಸ್ಟಂಟ್ ಡಿಸೈನ್.

ಡಿಸೈನ್ ಅನ್ನುವುದು ದೊಡ್ಡ ಪದ. ನಾನು ಓದಿದ ವಿದ್ಯೆಯಲ್ಲಿ ಡಿಸೈನ್ ಮಾಡಿದವನಿಗೆ ಹೊಗಳಿಕೆ ಜೊತೆ ಹೊಣೆಯೂ ಬರುತ್ತದೆ. ಲಿಫ್ಟಿನ ಹಗ್ಗ ಹತ್ತು ಜನರನ್ನು ಎತ್ತಬೇಕಿದ್ದರೆ ಅದಕ್ಕಿಂತ ಎಷ್ಟೋ ಪಟ್ಟು ಭಾರ ತಡೆಯುವಂಥದ್ದನ್ನು ಹಾಕುತ್ತಾರೆ. ಅದಕ್ಕೆ ಫ್ಯಾಕ್ಟರ್ ಆಫ್ ಸೇಫ್ಟಿ ಅನ್ನುತ್ತೇವೆ, ಕಾಗದದ ಮೇಲೆ ಬರೆದಿಡುತ್ತೇವೆ. ಒಬ್ಬ ನಟನನ್ನು ಎರಡು ರೋಪಿನಿಂದ ತೂಗುಹಾಕಿ, ಆ ರೋಪುಗಳ ನಡುವಿನ ಕೋನ 120 ಡಿಗ್ರಿ ಆಯಿತು ಅಂದುಕೊಳ್ಳಿ. ಭಾರ ಅರ್ಧರ್ಧ ಹಂಚಿಹೋಗುತ್ತದೆ ಅಂತ ಸಾಮಾನ್ಯ ಬುದ್ಧಿ ಹೇಳುತ್ತದೆ. ಲೆಕ್ಕ ಹೇಳುವುದೇ ಬೇರೆ: ಒಂದೊಂದು ರೋಪಿನ ಮೇಲೂ ಪೂರ್ತಿ ತೂಕ. ಕೋನ ಇನ್ನೂ ಅಗಲವಾದರೆ ಇನ್ನೂ ಜಾಸ್ತಿ. ಸೆಟ್ಟಿನಲ್ಲಿ ಇದನ್ನು ಯಾರು ಲೆಕ್ಕ ಹಾಕುತ್ತಾರೆ? ಅನುಭವಿ ಮಾಸ್ಟರ್‌ಗಳು ಕೈಯಂದಾಜಿನಲ್ಲಿ ಹಾಕುತ್ತಾರೆ, ಎಷ್ಟೋ ಸಲ ಸರಿಯಾಗಿಯೇ ಹಾಕುತ್ತಾರೆ. ಆದರೆ ಕೈಯಂದಾಜು ಬರೆದಿಟ್ಟ ಲೆಕ್ಕ ಅಲ್ಲ.

ಬಿದ್ದವರು

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ ಸಿನಿಮಾದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಿದರು. ಹೀರೋ ದಡ ಸೇರಿದರು. ಅನಿಲ್ ಮತ್ತು ಉದಯ್ ಮುಳುಗಿದರು. ಲೈಫ್ ಜಾಕೆಟ್ ಇರಲಿಲ್ಲ. ಆ ದೃಶ್ಯವನ್ನು ಇಡೀ ಕರ್ನಾಟಕ ಟಿವಿಯಲ್ಲಿ ಮತ್ತೆ ಮತ್ತೆ ನೋಡಿತು. ಶವಗಳು ಸಿಗಲು ದಿನಗಳು ಹಿಡಿದವು. ಕೇಸು, ಬಂಧನ, ಚರ್ಚೆ ಎಲ್ಲವೂ ಆಯಿತು. ಮುಂದಿನ ಮೇ ತಿಂಗಳಲ್ಲಿ ಸಿನಿಮಾ ಬಿಡುಗಡೆಯೂ ಆಯಿತು.

2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಇನ್ನೊಂದು ಕನ್ನಡ ಸಿನಿಮಾದ ಫೈಟ್ ಚಿತ್ರೀಕರಣ. ಕ್ರೇನ್ ಇತ್ತು, ಲೋಹದ ರೋಪ್ ಇತ್ತು, ಮೇಲೆ ಹೈಟೆನ್ಷನ್ ತಂತಿ ಇತ್ತು. ವಿವೇಕ್ ಎಂಬ ಯುವ ಫೈಟರ್ ವಿದ್ಯುತ್ ತಗುಲಿ ಸತ್ತರು. ತಲೆಯ ಮೇಲಿನ ತಂತಿಯನ್ನು ನೋಡಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಅದನ್ನು ನೋಡುವುದೇ ಕೆಲಸವಾಗಿರುವ ಒಬ್ಬ ಮನುಷ್ಯ ಬೇಕು.

ತಮಿಳಿನಲ್ಲೂ ಇದೇ ಕಥೆ. 2022ರ ಡಿಸೆಂಬರ್‌ನಲ್ಲಿ ‘ವಿಡುದಲೈ’ ಚಿತ್ರೀಕರಣದಲ್ಲಿ ಒಬ್ಬರು. 2024ರ ಜುಲೈನಲ್ಲಿ ‘ಸರ್ದಾರ್ 2’ ಸೆಟ್ಟಿನಲ್ಲಿ ಎತ್ತರದಿಂದ ಬಿದ್ದು ಇನ್ನೊಬ್ಬರು. 2025ರ ಜುಲೈ 13ರಂದು ನಾಗಪಟ್ಟಿಣಂ ಜಿಲ್ಲೆಯಲ್ಲಿ, ಕಾರು ಹಾರಿಸಿ ಪಲ್ಟಿ ಹೊಡೆಸುವ ದೃಶ್ಯದಲ್ಲಿ, ಹೆಸರಾಂತ ಸ್ಟಂಟ್ ಕಲಾವಿದ ಎಸ್.ಎಂ. ರಾಜು. ಅವರು ಹೊಸಬರಲ್ಲ. ಅನುಭವ ಇದ್ದರೆ ಸಾಕು ಅನ್ನುವ ವಾದಕ್ಕೆ ಅಲ್ಲಿಗೇ ಉತ್ತರ ಸಿಕ್ಕಿತು.

ರಾಜು ಸತ್ತ ಕೆಲವೇ ದಿನಗಳಲ್ಲಿ ನಟ ಅಕ್ಷಯ್ ಕುಮಾರ್ ಸುಮಾರು 650 ಸ್ಟಂಟ್ ಕಲಾವಿದರ ವಿಮೆಗೆ ಹಣ ಕೊಟ್ಟಿದ್ದಾರೆ ಅನ್ನುವ ಸುದ್ದಿ ಬಂತು. ಒಳ್ಳೆಯ ಕೆಲಸ, ಬೇರೆ ಮಾತಿಲ್ಲ. ಆದರೆ ನೂರಾರು ಕೋಟಿಯ ಉದ್ಯಮದಲ್ಲಿ ಪ್ರಾಣಾಪಾಯದ ಕೆಲಸ ಮಾಡುವವನ ವಿಮೆ ಒಬ್ಬ ನಟನ ಒಳ್ಳೆಯತನದ ಮೇಲೆ ನಿಂತಿದೆ ಅಂದರೆ ಅದು ಸುದ್ದಿಯಾಗಬೇಕಾದ ರೀತಿಯೇ ಬೇರೆ.

‘ರಿಸ್ಕ್ ಇಲ್ಲದೆ ಸಾಹಸ ಎಲ್ಲಿ?’

ಈ ಪ್ರಶ್ನೆ ಕೇಳುವವರು ಇದ್ದೇ ಇರುತ್ತಾರೆ. ಉತ್ತರ ಸರಳ. ಪ್ರೇಕ್ಷಕ ನೋಡಲು ಬರುವುದು ರಿಸ್ಕನ್ನಲ್ಲ, ರಿಸ್ಕಿನ ಭ್ರಮೆಯನ್ನು. ಹಿಂದೆ ರೋಪ್ ಕ್ಯಾಮೆರಾಗೆ ಕಾಣಬಾರದು ಅಂತ ತೆಳುವಾದ ತಂತಿ ಬಳಸಬೇಕಿತ್ತು, ಅದಕ್ಕೆ ಬಣ್ಣ ಬಳಿದು ಮರೆಮಾಡಬೇಕಿತ್ತು. ಇವತ್ತು ಎಷ್ಟು ದಪ್ಪ ರೋಪ್ ಹಾಕಿದರೂ ಕಂಪ್ಯೂಟರಿನಲ್ಲಿ ಅಳಿಸಬಹುದು. ಲೈಫ್ ಜಾಕೆಟ್ಟನ್ನೂ ಅಳಿಸಬಹುದು. ಬೆಡ್ಡನ್ನೂ ಅಳಿಸಬಹುದು. ಅಂದಮೇಲೆ ಸುರಕ್ಷತೆ ಶಾಟ್ ಕೆಡಿಸುತ್ತದೆ ಅನ್ನುವ ನೆಪ ಎಂದೋ ಸತ್ತಿದೆ. ಉಳಿದಿರುವ ನೆಪ ಎರಡೇ: ಹಣ ಮತ್ತು ಸಮಯ.

ಎಲ್ಲವನ್ನೂ ಫೈಟ್ ಮಾಸ್ಟರ್ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಜೆಟ್ ಕತ್ತರಿಸುವುದು ನಿರ್ಮಾಪಕ, ಅವಸರ ಮಾಡುವುದು ನಿರ್ದೇಶಕ, ಅರ್ಧ ದಿನದ ಡೇಟ್ ಕೊಡುವುದು ಹೀರೋ. ‘ಆಗಲ್ಲ’ ಅಂದ ಮಾಸ್ಟರ್‌ಗೆ ಮುಂದಿನ ಸಿನಿಮಾ ಸಿಗದೇ ಹೋಗಬಹುದು. ‘ಹೆದರಿಕೆ ಆಗ್ತಿದೆ ಮಾಸ್ಟರ್’ ಅಂದ ಫೈಟರ್‌ಗಂತೂ ನಾಳೆಯ ಬೇಟಾ ಕೂಡ ಗ್ಯಾರಂಟಿ ಇಲ್ಲ. ಹೊಣೆ ಹಂಚಿಹೋಗಿದೆ. ಹಂಚಿಹೋದ ಹೊಣೆ ಯಾರದ್ದೂ ಆಗಿರುವುದಿಲ್ಲ, ಅದನ್ನು ಯಾರದ್ದೋ ಒಬ್ಬರದ್ದು ಅಂತ ಬರೆದು ಸಹಿ ಹಾಕಿಸಬೇಕು.

ಬರೆದು ಸಹಿ ಹಾಕಿಸುವುದು ಹೊಸ ಕಲ್ಪನೆಯೇನಲ್ಲ. ಲಿಖಿತ ಕರಾರು ಇಲ್ಲದೆ ಸಿನಿಮಾ ಕಾರ್ಮಿಕರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಸಂಸತ್ತು 1981ರಲ್ಲೇ ಕಾನೂನು ಮಾಡಿತ್ತು. ನಮ್ಮ ರಾಜ್ಯದಲ್ಲೂ ಈಗ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ, 2024 ಇದೆ. ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ ಕಲ್ಯಾಣ ನಿಧಿ ಮಾಡಲು ಅದರಲ್ಲಿ ಅವಕಾಶ ಇದೆ. ಆ ನಿಧಿಯಿಂದ ಮೊದಲು ಆಗಬೇಕಾದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ, ಫೈಟರ್‌ಗಳ ಅಪಘಾತ ವಿಮೆ ಅಂತ ಹೇಳುತ್ತೇನೆ.

ಇನ್ನು ಸೆಟ್ಟಿನಲ್ಲಿ ಆಗಬೇಕಾದದ್ದು ಇಷ್ಟು. ಪ್ರತಿ ದೊಡ್ಡ ಸಾಹಸ ದೃಶ್ಯಕ್ಕೂ ಒಂದು ಪುಟದ ಯೋಜನೆ ಬರೆಯಬೇಕು: ಎತ್ತರ ಎಷ್ಟು, ರೋಪ್ ಯಾವುದು, ಬೆಡ್ ಎಲ್ಲಿ, ಹತ್ತಿರದ ಆಸ್ಪತ್ರೆ ಯಾವುದು. ಅದಕ್ಕೆ ಮಾಸ್ಟರ್ ಜೊತೆ ನಿರ್ಮಾಪಕರ ಸಹಿಯೂ ಬೀಳಬೇಕು. ಆಂಬುಲೆನ್ಸ್ ಗೇಟಿನ ಹೊರಗಲ್ಲ, ಸೆಟ್ಟಿನಲ್ಲಿ ನಿಲ್ಲಬೇಕು. ನೀರಿನ ದೃಶ್ಯ ಅಂದರೆ ಈಜುಗಾರರು ಮೊದಲೇ ನೀರಿನಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿರ್ದೇಶಕರ ಕೈಕೆಳಗಿಲ್ಲದ ಒಬ್ಬ ಸುರಕ್ಷತಾ ವ್ಯಕ್ತಿ ಇರಬೇಕು, ಅವನು ಕೈ ಎತ್ತಿದರೆ ಯಾರ ಡೇಟ್ ಇದ್ದರೂ ಶಾಟ್ ನಿಲ್ಲಬೇಕು. ಅವಳಿಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳಬಲ್ಲ ಆ ‘ಸುಮ್ನಿರೋ’ ಇದೆಯಲ್ಲ, ಅದನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುವುದು ಅಷ್ಟೇ.

ಅನ್ಬರಿವ್ ಇನ್ನು ನಿರ್ದೇಶಕರ ಕುರ್ಚಿಯಲ್ಲಿ ಕೂರಲಿದ್ದಾರೆ. ಅವಸರ ಮಾಡುವ ಅಧಿಕಾರ ಈಗ ಅವರದೇ ಕೈಯಲ್ಲಿ. ಹೊಡೆತ ತಿಂದು ಬಂದವರು ಆ ಅಧಿಕಾರವನ್ನು ಹೇಗೆ ಬಳಸುತ್ತಾರೆ ಅನ್ನುವುದನ್ನು ನೋಡಲು ನನಗೆ ಅವರ ಫೈಟ್‌ಗಳಷ್ಟೇ ಕುತೂಹಲ ಇದೆ.

ರಾಷ್ಟ್ರಪ್ರಶಸ್ತಿ ಕೊಡುವವರಿಗೂ ಒಂದು ಸಲಹೆ. ಸಾಹಸ ನಿರ್ದೇಶನದ ವಿಭಾಗಕ್ಕೆ ಬರುವ ಅರ್ಜಿಯಲ್ಲಿ ಎರಡು ಕಾಲಂ ಸೇರಿಸಿ: ಈ ಸಿನಿಮಾದ ಫೈಟ್‌ಗಳಲ್ಲಿ ಎಷ್ಟು ಜನರಿಗೆ ಪೆಟ್ಟಾಯಿತು, ಅವರ ಆಸ್ಪತ್ರೆ ಬಿಲ್ಲು ಯಾರು ಕಟ್ಟಿದರು? ಖರ್ಚಿಲ್ಲದ ಕೆಲಸ. ಮುಂದಿನ ವರ್ಷದಿಂದಲೇ ಶುರುಮಾಡಬಹುದು.